ಉಮ್ಮನ ಕ್ರೋಶಾ ಕಡ್ಡಿ, ಮಾಸ್ಟ್ರ ತಕಲಿ

ಎರಡು ತಿಂಗಳ ಹಿಂದಿನ ಮಾತು. ಬೆಳಗ್ಗೆ ಏಳು ಗಂಟೆಯ ಮದ್ರಸ. ಐದನೇ ತರಗತಿಗೆ ನಮಾಝಿನ ಉಡುಪಿನ ಬಗ್ಗೆ ಪಾಠ ನಡೆಯುತ್ತಿತ್ತು. ಮಕ್ಕಳ ನಿದ್ದೆ ಬಿಡಿಸಬೇಕೆಂದು ಸುಮ್ಮನೆ ಒಂದು ಪ್ರಶ್ನೆ ಕೇಳಿದೆ: "ನಿಮ್ಮ ತಲೆ ಮೇಲೆ ಇರುವ ಟೊಪ್ಪಿ ಎಲ್ಲಿಂದ ಬಂತು?"

"ಅಂಗಡಿಯಿಂದ ಉಸ್ತಾದ್", "ಉಪ್ಪ ಸೌದಿಯಿಂದ ತಂದದ್ದು", "ಮಾವ ಉಮ್ರಾಕ್ಕೆ ಹೋದಾಗ ಡಜನ್ ತಂದಿದ್ರು" ಎಂದು ಒಬ್ಬರ ಮೇಲೊಬ್ಬರು ಹೇಳಿದರು. ಕೊನೆಯ ಬೆಂಚಿನ ಒಬ್ಬ ಹುಡುಗ ಮೆಲ್ಲಗೆ ಹೇಳಿದ: "ಇದು ನಾನೇ ಹೆಣೆದದ್ದು."

ತರಗತಿ ಒಂದು ಕ್ಷಣ ಸುಮ್ಮನಾಯಿತು. ಮತ್ತೆ ನಗು ಶುರುವಾಯಿತು. "ಇವ ಹೆಣ್ಣುಮಕ್ಕಳ ಕೆಲಸ ಮಾಡ್ತಾನೆ ಉಸ್ತಾದ್" ಎಂದು ಪಕ್ಕದವ ಹೇಳಿದ. ಹುಡುಗನ ಮುಖ ಕೆಂಪಾಯಿತು. ಟೊಪ್ಪಿ ತೆಗೆದು ಜೇಬಿಗೆ ಹಾಕಿಕೊಂಡ. ನಾನು ಮಕ್ಕಳನ್ನು ಗದರಿಸಿ ಪಾಠ ಮುಂದುವರಿಸಿದೆ. ಆದರೆ ಆ ದಿನ ಇಡೀ ನನ್ನ ಮನಸ್ಸು ಅಲ್ಲಿಯೇ ನಿಂತಿತ್ತು. ಯಾಕೆಂದರೆ ಅಂಥದ್ದೇ ಒಂದು ನಗು ನನ್ನ ಬಾಯಿಂದಲೂ ಒಮ್ಮೆ ಬಂದಿತ್ತು. ನಾನು ನಕ್ಕದ್ದು ನನ್ನ ಉಮ್ಮನನ್ನು ನೋಡಿ.

ಬೀಡಿಯ ನೂಲು, ಟೊಪ್ಪಿಯ ನೂಲು

ನಮ್ಮ ಕರಾವಳಿಯ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಯೂ ಬೀಡಿಯಿಂದ ನಡೆದ ಮನೆ. ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪು, ಕತ್ತರಿ, ನೂಲಿನ ಉಂಡೆ. ಉಮ್ಮನ ಬೆರಳು ನಿಂತದ್ದನ್ನು ನಾನು ಬಾಲ್ಯದಲ್ಲಿ ನೋಡಿದ್ದು ಕಡಿಮೆ. ಮಾತಾಡುವಾಗಲೂ ಬೀಡಿ, ನಮ್ಮ ಪಾಠ ಕೇಳುವಾಗಲೂ ಬೀಡಿ. ಸಾವಿರಕ್ಕೆ ಇಷ್ಟು ಎಂಬ ಲೆಕ್ಕ. ಸಂಜೆ ಬ್ರಾಂಚಿಗೆ ಕೊಂಡುಹೋದರೆ ಸರಿಯಿಲ್ಲ ಎಂದು ಒಂದಷ್ಟು ತೆಗೆದಿಡುತ್ತಿದ್ದರು, ಅದರ ದುಡ್ಡು ಇಲ್ಲ. ನಾನು ಓದಿದ್ದು, ತಂಗಿಯ ಮದುವೆ ಆದದ್ದು, ಹಂಚಿನ ಮನೆ ದುರಸ್ತಿ ಆದದ್ದು ಆ ಬೆರಳುಗಳಿಂದ.

ನಾನು ಮತ್ತು ತಮ್ಮ ದುಡಿಯಲು ಶುರುಮಾಡಿದ ಮೇಲೆ "ಇನ್ನು ಸಾಕು ಉಮ್ಮ, ಹೊಗೆಸೊಪ್ಪಿನ ಧೂಳು ಎದೆಗೆ ಒಳ್ಳೆಯದಲ್ಲ" ಎಂದು ಬೀಡಿ ಬಿಡಿಸಿದೆವು. ಒಳ್ಳೆಯ ಕೆಲಸ ಮಾಡಿದೆವು ಎಂದುಕೊಂಡಿದ್ದೆವು. ಆದರೆ ನಲವತ್ತು ವರ್ಷ ದುಡಿದ ಕೈ ಒಂದೇ ದಿನದಲ್ಲಿ ಖಾಲಿಯಾದರೆ ಏನಾಗುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಉಮ್ಮ ಜಗಲಿಯಲ್ಲಿ ಕುಳಿತು ಸೆರಗಿನ ತುದಿಯನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಮಾತು ಕಡಿಮೆಯಾಯಿತು.

ಆಮೇಲೆ ಒಂದು ದಿನ ನೆರೆಮನೆಯ ಹೆಂಗಸರೊಬ್ಬರಿಂದ ಕ್ರೋಶಾ ಕಡ್ಡಿ ತಂದು ಟೊಪ್ಪಿ ಹೆಣೆಯಲು ಶುರುಮಾಡಿದರು. ಹುಡುಗಿಯಾಗಿದ್ದಾಗ ಕಲಿತಿದ್ದರಂತೆ, ನಮಗೆ ಗೊತ್ತೇ ಇರಲಿಲ್ಲ. ಮೊದಲ ಟೊಪ್ಪಿ ಮುಗಿಸಲು ಹತ್ತು ದಿನ ಹಿಡಿಯಿತು. ಅದನ್ನು ನನ್ನ ಕೈಗೆ ಕೊಟ್ಟಾಗ ನಾನು ನಕ್ಕುಬಿಟ್ಟೆ. "ಯಾಕೆ ಉಮ್ಮ ಇಷ್ಟು ಕಷ್ಟ? ಪೇಟೆಯಲ್ಲಿ ಇಪ್ಪತ್ತು ರೂಪಾಯಿಗೆ ಒಳ್ಳೆ ಟೊಪ್ಪಿ ಸಿಗ್ತದೆ."

ನಾನು ಪ್ರೀತಿಯಿಂದಲೇ ಹೇಳಿದ್ದು. ಉಮ್ಮ ಏನೂ ಹೇಳಲಿಲ್ಲ. ಮರುದಿನದಿಂದ ಕಡ್ಡಿ, ನೂಲು ಕಾಣಲಿಲ್ಲ. ಕೇಳಿದ್ದಕ್ಕೆ "ಕಣ್ಣು ಸರಿ ಕಾಣುವುದಿಲ್ಲ" ಎಂದರು. ನಾನೂ ನಂಬಿದೆ.

ಮದ್ರಸಕ್ಕೆ ಬೀಗ ಬಿದ್ದಾಗ

ನನ್ನ ತಪ್ಪು ನನಗೆ ತಿಳಿಯಲು 2020 ಬರಬೇಕಾಯಿತು. ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಮಸೀದಿ, ಮದ್ರಸ ಎಲ್ಲಾ ಬಂದ್. ನನ್ನಂಥವರಿಗೆ ಸಂಬಳವೂ ಅರ್ಧಕ್ಕೆ ನಿಂತಿತು. ಇಪ್ಪತ್ತು ವರ್ಷ ಬೆಳಗ್ಗೆ ಎದ್ದು ಮಕ್ಕಳ ಮಧ್ಯೆ ಇದ್ದವನಿಗೆ ಮನೆಯ ನಾಲ್ಕು ಗೋಡೆ. ಮೊಬೈಲ್ ನೋಡಿದರೆ ಸಾವಿನ ಸುದ್ದಿ. ರಾತ್ರಿ ನಿದ್ದೆ ಇಲ್ಲ, ಹಗಲು ಮಕ್ಕಳ ಮೇಲೆ ಸಿಟ್ಟು.

ನಮ್ಮ ಬೇಲಿಯ ಆಚೆ ನಿವೃತ್ತ ಮಾಸ್ಟ್ರೊಬ್ಬರ ಮನೆ. ಎಂಬತ್ತರ ಹತ್ತಿರದ ವಯಸ್ಸು. ಸಂಜೆ ಅವರು ಅಂಗಳದಲ್ಲಿ ಕುರ್ಚಿ ಹಾಕಿ ತಕಲಿಯಲ್ಲಿ ನೂಲು ತೆಗೆಯುತ್ತಿದ್ದರು. ನೋಡಲು ಏನೂ ಇಲ್ಲ. ಒಂದು ಗೇಣು ಉದ್ದದ ತೆಳ್ಳಗಿನ ಕಡ್ಡಿ, ಕೆಳಗೆ ರೂಪಾಯಿ ನಾಣ್ಯದಷ್ಟು ಅಗಲದ ಹಿತ್ತಾಳೆಯ ಬಿಲ್ಲೆ, ಮೇಲೆ ಸಣ್ಣ ಕೊಕ್ಕೆ. ತುದಿಯನ್ನು ಗೆರಟೆಯಲ್ಲಿಟ್ಟು ಬೆರಳಿನಿಂದ ತಿರುಗಿಸಿದರೆ ಬುಗುರಿಯಂತೆ ತಿರುಗುತ್ತದೆ. ಎಡಗೈಯಲ್ಲಿ ಹಂಜಿ. ಅದರಿಂದ ನೂಲು ಜೇಡರ ಬಲೆಯ ಹಾಗೆ ಹೊರಬರುತ್ತಿತ್ತು.

ಬೇಲಿ ಬದಿಯಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಒಂದು ದಿನ ಮಾಸ್ಟ್ರು ಕೇಳಿದರು: "ಏನು ಉಸ್ತಾದ್ರೇ, ಕಲೀತೀರಾ?" ದೂರ ದೂರ ಕುಳಿತು, ಮೂಗಿಗೆ ಮಾಸ್ಕ್ ಹಾಕಿ ನನ್ನ ಪಾಠ ಶುರುವಾಯಿತು.

ಅವರು ಶಾಲೆಗೆ ಹೋಗುವ ಕಾಲದಲ್ಲಿ ತಕಲಿ ಒಂದು ಪಾಠವೇ ಆಗಿತ್ತಂತೆ. ಇದಕ್ಕೆ ಹಿಂದೆ ಒಂದು ಚರಿತ್ರೆ ಉಂಟು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನದಲ್ಲಿ, ಮಕ್ಕಳಿಗೆ ಒಂದು ಕೈಕಸುಬಿನ ಮೂಲಕವೇ ಓದು, ಲೆಕ್ಕ ಕಲಿಸಬೇಕು ಎಂಬ ವಿಚಾರ ಬಂತು. ಅದಕ್ಕೆ ಪಠ್ಯಕ್ರಮ ತಯಾರಿಸಿದ ಸಮಿತಿಯ ಅಧ್ಯಕ್ಷರು ಜಾಮಿಯಾ ಮಿಲ್ಲಿಯಾದ ಡಾ. ಝಾಕಿರ್ ಹುಸೈನ್, ಮುಂದೆ 1967ರಲ್ಲಿ ದೇಶದ ರಾಷ್ಟ್ರಪತಿಯಾದವರು. ನೂಲುವುದು ಆ ಕಸುಬುಗಳಲ್ಲಿ ಮುಖ್ಯವಾದದ್ದು. ಹುಡುಗರು, ಹುಡುಗಿಯರು ಎಂಬ ಭೇದ ಅಲ್ಲಿ ಇರಲಿಲ್ಲ.

ಮೊದಲ ವಾರ ನನ್ನ ಕೈಯಲ್ಲಿ ನೂಲು ಬರಲೇ ಇಲ್ಲ. ಹತ್ತಿಯ ಒಂದೊಂದು ಎಳೆ ಎರಡು ಮೂರು ಸೆಂಟಿಮೀಟರ್ ಉದ್ದ ಅಷ್ಟೆ. ಅದಕ್ಕೆ ಬಲ ಬರುವುದು ತಿರುವಿನಿಂದ. ಎಳೆಗಳು ಒಂದರ ಮೇಲೊಂದು ಜಾರಬೇಕು, ಅಷ್ಟರಲ್ಲಿ ತಿರುವು ಬಂದು ಅವನ್ನು ಹಿಡಿಯಬೇಕು. ಎಳೆಯುವ ಕೈ ಅವಸರ ಮಾಡಿದರೆ ತುಂಡಾಗುತ್ತದೆ. ಹೆದರಿ ಎಳೆಯದೇ ಇದ್ದರೆ ಹಗ್ಗದ ಹಾಗೆ ದಪ್ಪ ಆಗುತ್ತದೆ. ತಿರುವು ಹೆಚ್ಚಾದರೆ ಸುರುಳಿಗಟ್ಟಿ ಗಂಟಾಗುತ್ತದೆ. "ಹಂಜಿಯನ್ನು ಹಕ್ಕಿಮರಿ ಹಿಡಿದ ಹಾಗೆ ಹಿಡೀರಿ. ಹಾರಿಹೋಗಬಾರದು, ಸಾಯಲೂಬಾರದು" ಎಂದು ಮಾಸ್ಟ್ರು ಹೇಳುತ್ತಿದ್ದರು.

ಹತ್ತನೇ ದಿನವೋ ಏನೋ, ಒಂದು ಮಾರು ಉದ್ದದ ನೂಲು ತುಂಡಾಗದೆ ಬಂತು. ನಲವತ್ತು ದಾಟಿದ ಗಂಡಸು ನಾನು, ಅದನ್ನು ಓಡಿಕೊಂಡು ಹೋಗಿ ಹೆಂಡತಿಗೆ ತೋರಿಸಿದೆ. ಅವಳು ನಕ್ಕಳು. ಸಹಜವೇ. ಆದರೆ ನನ್ನ ಎದೆಗೆ ಸಣ್ಣ ಮುಳ್ಳು ತಾಗಿದ ಹಾಗಾಯಿತು. ಆಗ ಉಮ್ಮನ ಟೊಪ್ಪಿ ನೆನಪಾಯಿತು. ಒಂದು ಟೊಪ್ಪಿಗೆ ಇಂಥ ನೂಲು ಎಷ್ಟು ಮಾರು ಬೇಕು? ಎಷ್ಟು ಸಾವಿರ ಸಲ ಕಡ್ಡಿ ಹೋಗಿ ಬರಬೇಕು? ಅದಕ್ಕೆ ನಾನು ಹೇಳಿದ ಬೆಲೆ ಇಪ್ಪತ್ತು ರೂಪಾಯಿ.

ನೂಲು ನಮ್ಮ ಚರಿತ್ರೆಯಲ್ಲಿ

ನೂಲುವುದು, ಹೆಣೆಯುವುದು ನಮಗೆ ಹೊರಗಿನಿಂದ ಬಂದ ಫ್ಯಾಷನ್ ಎಂದು ಕೆಲವರ ಎಣಿಕೆ. ಹಾಗಲ್ಲ. ಪವಿತ್ರ ಕುರ್‌ಆನಿನ ಸೂರಃ ಅನ್ನಹ್ಲ್‌ನ 92ನೇ ವಚನವನ್ನು ನಾವು ಎಷ್ಟು ಸಲ ಓದಿಲ್ಲ! ಮಾಡಿದ ಕರಾರನ್ನು ಮುರಿಯುವವರನ್ನು ಅಲ್ಲಿ ಒಬ್ಬ ಹೆಂಗಸಿಗೆ ಹೋಲಿಸಲಾಗಿದೆ. ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಎಳೆ ಎಳೆ ಮಾಡಿಬಿಡುವವಳು ಅವಳು. ಇದನ್ನು ನಾನು ವರ್ಷಾನುಗಟ್ಟಲೆ ಮಕ್ಕಳಿಗೆ ಕಲಿಸಿದ್ದೇನೆ. ಆದರೆ ತಕಲಿ ಹಿಡಿದ ಮೇಲೆ ಮಾತ್ರ ಅದರ ಭಾರ ಗೊತ್ತಾಯಿತು. ನೂಲನ್ನು ಗಟ್ಟಿ ಮಾಡುವುದು ಎಷ್ಟು ಕಷ್ಟ ಎಂದು ತಿಳಿದವನಿಗೆ, ಅದನ್ನು ಹಾಳು ಮಾಡುವುದು ಎಂಥ ಮೂರ್ಖತನ ಎಂದು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಬಗ್ದಾದಿನ ಮಹಾ ಸೂಫಿ ಬಿಶ್ರುಲ್ ಹಾಫಿಯವರ ಸಹೋದರಿಯ ಕಥೆಯೂ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ನೂಲು ತೆಗೆದು ಮಾರಿ ಬದುಕುತ್ತಿದ್ದ ಆಕೆ ಇಮಾಂ ಅಹ್ಮದ್ ಬಿನ್ ಹಂಬಲ್‌ರ ಬಳಿ ಬಂದು ಕೇಳಿದರಂತೆ: ರಾತ್ರಿ ದೀಪದ ಬೆಳಕಿನಲ್ಲಿ ನೂಲುತ್ತೇನೆ, ದೀಪ ಆರಿದಾಗ ಬೆಳದಿಂಗಳಲ್ಲಿ ನೂಲುತ್ತೇನೆ, ಮಾರುವಾಗ ಇದು ದೀಪದ್ದು, ಇದು ಬೆಳದಿಂಗಳದ್ದು ಎಂದು ಗಿರಾಕಿಗೆ ಹೇಳಬೇಕೇ? ಎರಡರಲ್ಲಿ ವ್ಯತ್ಯಾಸ ಉಂಟೆಂದು ನಿಮಗೆ ಅನಿಸಿದರೆ ಹೇಳಬೇಕು ಎಂದು ಇಮಾಮರು ಉತ್ತರಿಸಿದರು. ಆಕೆ ಯಾರೆಂದು ಆಮೇಲೆ ತಿಳಿದಾಗ, ಬಿಶ್ರ್‌ರ ಮನೆಯವರಲ್ಲದೆ ಬೇರೆ ಯಾರೂ ಇಂಥ ಪ್ರಶ್ನೆ ಕೇಳಲಾರರು ಎಂದು ಅವರಿಗೆ ಅನಿಸಿತಂತೆ. ಒಂದು ಕೈಕೆಲಸದಲ್ಲಿ ಇಷ್ಟು ಸೂಕ್ಷ್ಮ ಪ್ರಾಮಾಣಿಕತೆ! ನಮ್ಮ ತಾಯಂದಿರಾದ ಝೈನಬ್ ಬಿಂತ್ ಜಹ್ಶ್ ಅವರೂ ಚರ್ಮ ಹದ ಮಾಡಿ, ಹೊಲಿದು, ಬಂದದ್ದನ್ನು ದಾನ ಕೊಡುತ್ತಿದ್ದವರು.

ಇನ್ನು ಹೆಣಿಗೆ. ಎರಡು ಕಡ್ಡಿಯ ಹೆಣಿಗೆ ಯುರೋಪಿನವರದ್ದು ಎಂದು ನಾನೂ ತಿಳಿದಿದ್ದೆ. ಆದರೆ ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಹೆಣಿಗೆಗಳಲ್ಲಿ ಕೆಲವು ಸಿಕ್ಕಿದ್ದು ಈಜಿಪ್ಟಿನಲ್ಲಿ. ನೀಲಿ-ಬಿಳಿ ಹತ್ತಿ ನೂಲಿನ ಕಾಲುಚೀಲಗಳು, ಕೆಲವದರಲ್ಲಿ ಕೂಫಿ ಲಿಪಿಯನ್ನು ಹೋಲುವ ವಿನ್ಯಾಸ. 11ರಿಂದ 14ನೇ ಶತಮಾನದ ನಡುವಿನವು ಎಂದು ತಿಳಿದವರು ಹೇಳುತ್ತಾರೆ. ಸ್ಪೇನಿನ ಬುರ್ಗೋಸ್ ಪಟ್ಟಣದ ಲಾಸ್ ವೆಲ್ಗಾಸ್ ಮಠದಲ್ಲಿ, 1275ರಲ್ಲಿ ತೀರಿಕೊಂಡ ಒಬ್ಬ ಕ್ರೈಸ್ತ ರಾಜಕುಮಾರನ ಗೋರಿಯಲ್ಲಿ ರೇಷ್ಮೆ ನೂಲಿನ ಹೆಣೆದ ದಿಂಬು ಸಿಕ್ಕಿದೆ. ಅದರ ಅಂಚಿನಲ್ಲಿ ಅರಬಿಯಲ್ಲಿ 'ಬರಕತ್' ಎಂಬ ಪದ ಉಂಟು. ಹೆಣೆದವರು ಮುಸ್ಲಿಂ ಕುಶಲಕರ್ಮಿಗಳು ಎಂದು ಅಭಿಪ್ರಾಯ. 'ಕಾಟನ್' ಎಂಬ ಮಾತೂ ಅರಬಿಯ 'ಕುತ್ನ್' ಎಂಬುದರಿಂದ ಬಂದದ್ದು.

ನಮ್ಮ ಕರ್ನಾಟಕಕ್ಕೂ ಇದರಲ್ಲಿ ಒಂದು ಜಾಗ ಉಂಟು. ಭಾರತದಲ್ಲಿ ಚರಕದ ಖಚಿತವಾದ ಮೊದಲ ಉಲ್ಲೇಖ ಎಂದು ಚರಿತ್ರೆಕಾರ ಇರ್ಫಾನ್ ಹಬೀಬ್ ತೋರಿಸುವುದು 1350ರಲ್ಲಿ ಇಸಾಮಿ ಎಂಬ ಕವಿ ಬರೆದ ಪಾರಸಿ ಕಾವ್ಯವನ್ನು. ಅವನಿಗೆ ಆಶ್ರಯ ಕೊಟ್ಟವರು ಬಹಮನಿ ಸುಲ್ತಾನರು, ಅವರ ರಾಜಧಾನಿ ಇಂದಿನ ಕಲಬುರಗಿ. ತಮಾಷೆ ಎಂದರೆ ಇಸಾಮಿ ಚರಕದ ಮಾತೆತ್ತಿದ್ದು ರಝಿಯಾ ಸುಲ್ತಾನರನ್ನು ಹಂಗಿಸಲು. ಹೆಣ್ಣಿಗೆ ಸಿಂಹಾಸನ ಯಾಕೆ, ಚರಕದ ಮುಂದೆ ಕುಳಿತರೆ ಸಾಕು ಎಂಬ ಅರ್ಥದಲ್ಲಿ. ನೋಡಿ, ಇದು ಹೆಂಗಸರ ಕೆಲಸ, ಹಾಗಾಗಿ ಸಣ್ಣ ಕೆಲಸ ಎಂಬ ನಗು ಆರುನೂರು ವರ್ಷಕ್ಕಿಂತ ಹಳೆಯದು. ನಮ್ಮ ಐದನೇ ತರಗತಿಯಲ್ಲಿ ಕೇಳಿದ್ದೂ ಅದೇ ನಗು.

ಅದೇ ಚರಕವನ್ನು ಬಿಜಾಪುರದ ಸೂಫಿಗಳು ಬೇರೆ ರೀತಿ ನೋಡಿದರು. ಹೆಂಗಸರು ಬೀಸುವಾಗ ಹಾಡಲು ಚಕ್ಕಿನಾಮಾ, ನೂಲುವಾಗ ಹಾಡಲು ಚರ್ಖಾನಾಮಾ ಎಂಬ ಹಾಡುಗಳು ದಖನಿ ಭಾಷೆಯಲ್ಲಿ ಹುಟ್ಟಿದವು. ಚರಕ ತಿರುಗುವ ಲಯಕ್ಕೆ ದಿಕ್ರ್ ಸೇರಿಕೊಂಡಿತು. ದೊಡ್ಡ ಗ್ರಂಥಗಳು ತಲುಪದ ಅಡುಗೆಮನೆಗೆ ದೀನಿನ ಮಾತು ನೂಲಿನ ದಾರಿಯಲ್ಲಿ ತಲುಪಿತು.

'ಬಿಡುವಿನ ಕೆಲಸ' ಎಂಬ ಮೋಸ

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಹೆಣಿಗೆಯಿಂದ ಮನೆಯಲ್ಲೇ ಕೂತು ಸಾವಿರಾರು ರೂಪಾಯಿ ಸಂಪಾದಿಸಿ ಎಂದು ಮೊಬೈಲಿನಲ್ಲಿ ಜಾಹೀರಾತು ಬರುತ್ತದೆ. ನಂಬಿ ಹಣ ಕಟ್ಟಬೇಡಿ.

ಆಂಧ್ರದ ನರಸಾಪುರದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳು ಕ್ರೋಶಾ ಲೇಸಿನ ಕೆಲಸ ಕಲಿಸಿದರು. ಅದು ದೊಡ್ಡ ರಫ್ತಿನ ವ್ಯಾಪಾರವಾಯಿತು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ದಿನವಿಡೀ ದುಡಿಯುವ ಆ ಹೆಂಗಸರನ್ನು ಕೆಲಸಗಾರರು ಎಂದು ಯಾರೂ ಕರೆಯುತ್ತಿರಲಿಲ್ಲ. ಗೃಹಿಣಿಯರು, ಬಿಡುವಿನಲ್ಲಿ ಏನೋ ಮಾಡುತ್ತಾರೆ ಎಂದು ಹೇಳಿ ಅತಿ ಕಡಿಮೆ ಕೂಲಿ ಕೊಡುತ್ತಿದ್ದರು. ಲಾಭ ಹೋದದ್ದು ವ್ಯಾಪಾರಿಗಳಿಗೆ. ಬೀಡಿ ಕಟ್ಟಿದ ಮನೆಯವರಿಗೆ ಇದನ್ನು ವಿವರಿಸಿ ಹೇಳಬೇಕಾ?

ನಮ್ಮ ಹತ್ತಿರದ ಕಾಸರಗೋಡಿನ ತಳಂಗರೆಯ ಟೊಪ್ಪಿಯದ್ದೂ ಹೀಗೇ ಒಂದು ಕಥೆ. ಮನೆ ಮನೆಯಲ್ಲಿ ಹೆಂಗಸರು ಕೈಯಲ್ಲಿ ಹೊಲಿಯುತ್ತಿದ್ದ ಆ ಬಿಳಿ ಟೊಪ್ಪಿ ಒಂದು ಕಾಲಕ್ಕೆ ಗಲ್ಫ್ ದೇಶಗಳವರೆಗೆ ಹೆಸರು ಮಾಡಿತ್ತು. ಯಂತ್ರದ ಅಗ್ಗದ ಟೊಪ್ಪಿ ಬಂದ ಮೇಲೆ ಸೂಜಿ ಹಿಡಿಯುವವರು ಕಡಿಮೆಯಾದರು. ಕೈಕೆಲಸವನ್ನು ಯಂತ್ರದ ಬೆಲೆಯಲ್ಲಿ ತೂಗಿದರೆ ಕೈ ಯಾವಾಗಲೂ ಸೋಲುತ್ತದೆ.

ಹಾಗಾಗಿ ನಾನು ಹೇಳುವುದು ಇಷ್ಟೇ. ಮಾರುವುದಾದರೆ ಗಂಟೆಯ ಲೆಕ್ಕ ಹಾಕಿ ಸರಿಯಾದ ಬೆಲೆ ಕೇಳಿ, ನಾಚಬೇಡಿ. ಮಾರದಿದ್ದರೆ ಬೆಲೆಯ ಮಾತನ್ನೇ ಬಿಡಿ. ಮಗಳ ಮಗುವಿಗೆ ಹೆಣೆದ ಟೊಪ್ಪಿಗೆ ಪೇಟೆಯ ರೇಟು ಕಟ್ಟಬೇಡಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಟೊಪ್ಪಿ ಹೆಣೆಯುವ ಲೆಕ್ಕ

ಲಾಕ್‌ಡೌನ್ ಮುಗಿಯುವ ಮೊದಲೇ ನಾನು ಉಮ್ಮನ ಬಳಿ ಹೋಗಿ, ನಾನೇ ನೂತ ಒಂದು ಸಣ್ಣ ಉಂಡೆ ನೂಲು ಅವರ ಕೈಗೆ ಕೊಟ್ಟೆ. ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು. ಉಮ್ಮ ಬೆರಳಲ್ಲಿ ಸವರಿ ನೋಡಿದರು. "ನನಗೆ ಟೊಪ್ಪಿ ಹೆಣೆಯಲು ಕಲಿಸಿ ಉಮ್ಮ" ಎಂದೆ.

"ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗ್ತದಲ್ಲ ಮೋನೆ" ಎಂದರು.

ಐದಾರು ವರ್ಷ ಆಗಿತ್ತು ನಾನು ಆ ಮಾತು ಹೇಳಿ. ಒಂದು ಅಕ್ಷರ ಮರೆತಿರಲಿಲ್ಲ. ನಾನು ಮಾಫಿ ಕೇಳಿದೆ. ಉಮ್ಮ ಎದ್ದು ಕಪಾಟಿನ ಅಡಿಯಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆದರು. ಕಡ್ಡಿಗೆ ತುಕ್ಕು ಹಿಡಿದಿರಲಿಲ್ಲ. ತೆಂಗಿನೆಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

ಕಣ್ಣಿನ ಪೊರೆಯಿಂದಾಗಿ ಆ ಹೊತ್ತಿಗೆ ಅವರಿಗೆ ನಿಜವಾಗಿಯೂ ಸರಿ ಕಾಣುತ್ತಿರಲಿಲ್ಲ. ಬೆರಳಲ್ಲೇ ಕುಣಿಕೆ ಎಣಿಸಿ ಕಲಿಸಿದರು. ಅವರು ಬಾಯಲ್ಲಿ ಹೇಳಿದ್ದನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಹೊಸಬರಿಗೆ ಉಪಯೋಗವಾದೀತೆಂದು ಇಲ್ಲಿ ಕೊಡುತ್ತೇನೆ.

ನಮ್ಮ ಕರಾವಳಿಯ ಸೆಕೆಗೆ ಉಲ್ಲನ್ ಬೇಡ, ಹತ್ತಿಯ ನೂಲೇ ಒಳ್ಳೆಯದು. ಬೆವರು ಹೀರುತ್ತದೆ, ಒಗೆಯಲು ಸುಲಭ. ಮೊದಲು ಕಲಿಯುವವರು ತೀರ ಸಪೂರ ನೂಲು ತೆಗೆದುಕೊಳ್ಳಬೇಡಿ. ಬಣ್ಣವೂ ತಿಳಿಯಾಗಿರಲಿ, ಕಪ್ಪು ನೂಲಿನಲ್ಲಿ ಕುಣಿಕೆ ಕಾಣುವುದಿಲ್ಲ. ಎರಡು ಕಡ್ಡಿಯ ಹೆಣಿಗೆಯಲ್ಲಿ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಸಾಲಾಗಿ ಇರುತ್ತವೆ. ಒಂದು ಜಾರಿದರೆ ಏಣಿಯ ಹಾಗೆ ಕೆಳಗಿನವರೆಗೆ ಬಿಚ್ಚುತ್ತಾ ಹೋಗುತ್ತದೆ. ಕ್ರೋಶಾದಲ್ಲಿ ಒಂದೇ ಕೊಕ್ಕೆ ಕಡ್ಡಿ, ಒಂದು ಸಲಕ್ಕೆ ಒಂದೇ ಕುಣಿಕೆ. ಆದ್ದರಿಂದ ಟೊಪ್ಪಿಗೆ, ಹೊಸಬರಿಗೆ ಕ್ರೋಶಾ ಸುಲಭ.

ಟೊಪ್ಪಿ ಶುರುವಾಗುವುದು ನೆತ್ತಿಯಿಂದ. ಸಣ್ಣ ಬಳೆಯಂತೆ ಮಾಡಿ ಅದರೊಳಗೆ 6 ಹೆಣಿಗೆ ಹಾಕಿ. ಎರಡನೇ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು, ಒಟ್ಟು 12. ಮೂರನೇ ಸುತ್ತಿಗೆ 18, ನಾಲ್ಕಕ್ಕೆ 24. ಹೀಗೆ ಪ್ರತಿ ಸುತ್ತಿಗೆ 6 ಮಾತ್ರ ಹೆಚ್ಚಬೇಕು. ಇದು ಸಾದಾ ಒಂಟಿ ಹೆಣಿಗೆಯ ಲೆಕ್ಕ. ಸಮವಾಗಿ ಹೆಚ್ಚಿಸಿದರೆ ಬಿಲ್ಲೆ ನೀರ್‌ದೋಸೆಯ ಹಾಗೆ ಚಪ್ಪಟೆಯಾಗಿ ಕೂರುತ್ತದೆ. ಅಂಚು ಅಲೆ ಅಲೆಯಾಗಿ ಎದ್ದರೆ ಹೆಚ್ಚಿಸಿದ್ದು ಜಾಸ್ತಿಯಾಯಿತು. ಬಟ್ಟಲಿನ ಹಾಗೆ ಮಡಚಿಕೊಂಡರೆ ಕಡಿಮೆಯಾಯಿತು. ಎರಡೂ ಕಡೆ ಮದ್ದು ಒಂದೇ, ಆ ಸುತ್ತು ಬಿಚ್ಚಿ ಪುನಃ ಹಾಕುವುದು.

ಬಿಲ್ಲೆ ಎಷ್ಟು ಅಗಲ ಆಗಬೇಕು? ತಲೆಯ ಸುತ್ತಳತೆಯನ್ನು 3.14ರಿಂದ ಭಾಗಿಸಿ. 54 ಸೆಂಟಿಮೀಟರ್ ತಲೆಗೆ ಸುಮಾರು 17 ಸೆಂಟಿಮೀಟರ್. ನೂಲು ಎಳೆದುಕೊಳ್ಳುವುದರಿಂದ ಅರ್ಧ ಸೆಂಟಿಮೀಟರ್ ಮೊದಲೇ ನಿಲ್ಲಿಸಬಹುದು. ಅಲ್ಲಿಂದ ಮುಂದೆ ಹೆಚ್ಚಿಸದೆ ಸುತ್ತು ಸುತ್ತು ಹೆಣೆದರೆ ತನ್ನಷ್ಟಕ್ಕೆ ಗೋಡೆ ಇಳಿಯುತ್ತದೆ. ನಾಲ್ಕು ಬೆರಳು ಅಗಲ ಆದಾಗ ನೂಲು ಕತ್ತರಿಸಿ ತುದಿ ಒಳಗೆ ಸೇರಿಸಿ. ಉಮ್ಮನಿಗೆ ಈ 3.14 ಗೊತ್ತಿಲ್ಲ. ಗೇಣಿನಲ್ಲಿ ಅಳೆಯುತ್ತಾರೆ. ನಾನು ಟೇಪು ಹಿಡಿದು ಲೆಕ್ಕ ಹಾಕಿದರೂ, ಅವರು ಗೇಣಿನಲ್ಲಿ ಅಳೆದರೂ ಉತ್ತರ ಒಂದೇ ಬಂತು.

ತಕಲಿ ಕಲಿಯಬೇಕೆನ್ನುವವರು ಖಾದಿ ಭಂಡಾರಗಳಲ್ಲಿ ವಿಚಾರಿಸಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಫ್ಯಾನಿನ ಅಡಿ ಕೂರಬೇಡಿ, ಹತ್ತಿ ಹಾರುತ್ತದೆ. ಮಳೆಗಾಲದ ತೇವಕ್ಕೆ ಹಂಜಿ ಅಂಟುತ್ತದೆ, ಡಬ್ಬದಲ್ಲಿ ಮುಚ್ಚಿಡಿ. ಹೆಣಿಗೆ ಮಾಡುವವರು ಅರ್ಧ ಗಂಟೆಗೊಮ್ಮೆ ಕೈ ಕೊಡವಿ, ದೂರದ ಮರ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಿ. ರಾತ್ರಿ ಮಂದ ಬೆಳಕಿನಲ್ಲಿ ಕೂರಬೇಡಿ. ಮುಖ್ಯವಾಗಿ, ಮಗ್ರಿಬ್ ಬಾಂಗ್ ಆದರೂ "ಈ ಸುತ್ತು ಮುಗಿಸಿ ಬರ್ತೇನೆ" ಎಂದು ಕೂರುವವರು ಉಂಟು. ಅದು ಬೇಡ. ಕಡ್ಡಿ ಕೆಳಗಿಟ್ಟರೆ ಕುಣಿಕೆ ಎಲ್ಲಿಗೂ ಓಡಿ ಹೋಗುವುದಿಲ್ಲ.

ಬಿಚ್ಚಲು ಕಲಿಯುವುದು

ಇಂದಿನ ನಮ್ಮ ಮಕ್ಕಳಿಗೆ ಬೇಗ ಸಿಟ್ಟು, ಬೇಗ ಬೇಸರ ಎಂದು ತಾಯಂದಿರು ನನ್ನ ಬಳಿ ಹೇಳುತ್ತಾರೆ. ಮೊಬೈಲ್ ಕಿತ್ತುಕೊಂಡರೆ ಸಾಲದು, ಖಾಲಿಯಾದ ಕೈಗೆ ಏನಾದರೂ ಕೊಡಬೇಕು. ಹೆಣಿಗೆಯಲ್ಲಿ ತಪ್ಪಿದ್ದು ಕಣ್ಣಿಗೆ ಕಾಣುತ್ತದೆ, ಬಿಚ್ಚಿದರೆ ಸರಿಯಾಗುತ್ತದೆ, ನೂಲು ಹಾಳಾಗುವುದಿಲ್ಲ. ತಪ್ಪು ಮಾಡಿದವನಿಗೆ ಪುನಃ ಮಾಡಲು ಅವಕಾಶ ಉಂಟು ಎಂಬುದನ್ನು ನಾನು ಬಾಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಒಂದು ಉಂಡೆ ನೂಲು ಅದನ್ನು ಕೈಗೆ ಹೇಳಿಕೊಡುತ್ತದೆ.

"ಹಾಗಾದರೆ ಸೂರಃ ಅನ್ನಹ್ಲ್‌ನ ಹೆಂಗಸು ಬಿಚ್ಚಿದ್ದು ತಪ್ಪು ಯಾಕೆ ಉಸ್ತಾದ್?" ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಸರಿ ಮಾಡಲು ಬಿಚ್ಚುವುದು ಬೇರೆ, ಗಟ್ಟಿಯಾದದ್ದನ್ನು ಹಾಳು ಮಾಡಲು ಬಿಚ್ಚುವುದು ಬೇರೆ ಎಂದೆ. ಹೇಳುವಾಗ ನನಗೆ ನನ್ನದೇ ಇಪ್ಪತ್ತು ರೂಪಾಯಿಯ ಮಾತು ನೆನಪಾಯಿತು. ಉಮ್ಮ ಗಟ್ಟಿಯಾಗಿ ಹಿಡಿದದ್ದನ್ನು ನಾನು ಒಂದೇ ಮಾತಿನಲ್ಲಿ ಬಿಚ್ಚಿದ್ದೆ.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಮಕ್ಕಳು ನಕ್ಕ ಮರುದಿನ ನಾನು ತಕಲಿ, ಹಂಜಿ, ಗೆರಟೆ ಮತ್ತು ನಾನು ಹೆಣೆದ ಒಂದು ಟೊಪ್ಪಿ ಮದ್ರಸಕ್ಕೆ ಕೊಂಡುಹೋದೆ. ಟೊಪ್ಪಿ ಒಂದು ಬದಿಗೆ ಸ್ವಲ್ಪ ವಾಲುತ್ತದೆ. ಅದನ್ನೇ ಇಟ್ಟುಕೊಂಡು ಮೇಜಿನ ಮೇಲೆ ನೂಲು ತೆಗೆದು ತೋರಿಸಿದೆ. ಮಕ್ಕಳು ಸುತ್ತ ಮುತ್ತಿಕೊಂಡರು. ಮೊನ್ನೆ ನಕ್ಕವನೇ "ನನಗೊಂದು ಸಲ ಉಸ್ತಾದ್" ಎಂದು ಕೈಚಾಚಿದ. ಮೂರು ಸಲ ಎಳೆದ, ಮೂರು ಸಲವೂ ತುಂಡಾಯಿತು.

ಕೊನೆಯ ಬೆಂಚಿನ ಹುಡುಗ ಮಾತ್ರ ಎದ್ದು ಬರಲಿಲ್ಲ. ತರಗತಿ ಬಿಟ್ಟ ಮೇಲೆ ನಾನೇ ಕರೆದು ಕೇಳಿದೆ. ಅವನ ಉಪ್ಪ ಗಲ್ಫಿನಲ್ಲಿದ್ದಾರೆ, ಎರಡು ವರ್ಷದಿಂದ ಊರಿಗೆ ಬಂದಿಲ್ಲ. ಅಜ್ಜಿಯ ಬದಿಯಲ್ಲಿ ಕುಳಿತು ಕಲಿತನಂತೆ. ಉಪ್ಪ ಬರುವಾಗ ಕೊಡಲೆಂದು ಇನ್ನೊಂದು ಟೊಪ್ಪಿ ಹೆಣೆಯುತ್ತಿದ್ದಾನೆ. "ಉಪ್ಪನ ತಲೆ ಅಳತೆ ಗೊತ್ತಿಲ್ಲ ಉಸ್ತಾದ್. ಫೋನಲ್ಲಿ ಕೇಳಿದ್ರೆ ಗೊತ್ತಾಗಿಬಿಡ್ತದೆ" ಎಂದ.

ನಾನು ಅವನ ಉಪ್ಪನನ್ನು ಬಲ್ಲೆ, ಹೆಚ್ಚುಕಡಿಮೆ ನನ್ನದೇ ಅಳತೆ. ತಲೆ ಬಗ್ಗಿಸಿ ನಿಂತೆ. ಹುಡುಗ ಜೇಬಿನಿಂದ ನೂಲಿನ ತುಂಡು ತೆಗೆದು ನನ್ನ ತಲೆಗೆ ಒಂದು ಸುತ್ತು ಹಾಕಿದ, ಸೇರಿದಲ್ಲಿಗೆ ಒಂದು ಗಂಟು ಹಾಕಿ ಜೇಬಿಗೆ ಹಾಕಿಕೊಂಡ. ಹೋಗುವಾಗ ತನ್ನ ಟೊಪ್ಪಿಯನ್ನು ತಲೆಯ ಮೇಲೆ ಇಟ್ಟುಕೊಂಡೇ ಹೋದ.

ಮನೆಯಲ್ಲಿ ನಿಮ್ಮ ಉಮ್ಮ, ಅಜ್ಜಿ, ಅತ್ತೆ ಯಾರಾದರೂ ಹಿಂದೆ ಏನಾದರೂ ಹೆಣೆಯುತ್ತಿದ್ದರಾ ಎಂದು ಇವತ್ತು ಒಮ್ಮೆ ಕೇಳಿ ನೋಡಿ. ಯಾವುದಾದರೂ ಕಪಾಟಿನ ಅಡಿಯಲ್ಲಿ ಎಣ್ಣೆ ಸವರಿಟ್ಟ ಒಂದು ಕಡ್ಡಿ ಇದ್ದರೂ ಇದ್ದೀತು.